ಆರನೆಯ ಪುಟ

ಗುಡಗೇರಿ, ಮಂಗಳವಾರ

ಅಕ್ಕಾ,
ಬೆಳವಣಿಗೆಯ ಹಾರ್ಮೋನ್ ಹೆಚ್ಚಿಸಲು ನಾನು ಪ್ರಯೋಗಾಲಯದ ಇಲಿಗಳಿಗೆ ಕೊಡುತ್ತಿದ್ದ ಪೆಪ್ಟೈಡನ್ನು ಇಲ್ಲಿ ಕುಸ್ತಿಯವರು ಚುಚ್ಚಿಕೊಳ್ಳುತ್ತಿದ್ದಾರೆ. ಹೊಸ ಸೀಸೆಯನ್ನು ಗರಡಿಮನೆಯ ಹನುಮಪ್ಪನ ಪಟದ ಮುಂದಿಟ್ಟು ಪೂಜಿಸಿಯೇ ತೆರೆಯುತ್ತಾರೆ. ‘ಮನುಷ್ಯರ ಬಳಕೆಗಲ್ಲ’ ಎಂಬ ಸಾಲಿನ ಮೇಲೆಯೇ ದಪ್ಪಗೆ ಕುಂಕುಮ ಬಳಿದಿದ್ದಾರೆ. ಗೋಡೆಯ ಮೇಲೆ ನನ್ನದೇ ಪ್ರಬಂಧದ ಮೊದಲ ಪುಟ, ಇಲಿಗಳ ಸ್ನಾಯು ಬೆಳೆದ ಸುದ್ದಿ. ರಕ್ತದ ಸಕ್ಕರೆ ಏರಿದ ಸುದ್ದಿ ಆರನೆಯ ಪುಟದಲ್ಲಿತ್ತು. ಅಲ್ಲಿಗೆ ತಳ್ಳಿದವಳು ನಾನೇ.

ಕುಸ್ತಿ ಕಲಿಸುವ ವಸ್ತಾದ ಪುಂಡಲೀಕಪ್ಪ ಚಹಾ ಕೊಟ್ಟು ಕೇಳಿದರು: “ನಿಮ್ಮ ಇಲಿ ಅಗದಿ ಗಟ್ಟಿ ಆಗ್ಯಾವಂತಲ್ರಿ ಮೇಡಮ್ಮಾರ. ಈಗ ಹೆಂಗ ಅದಾವ್ರಿ?”

“ಹನ್ನೆರಡನೇ ವಾರಕ್ಕೆ ಎಲ್ಲವನ್ನೂ ಕೊಂದು, ಕುಯ್ದು ನೋಡಿದ್ವಿ. ಬದುಕಿದ್ದರೆ ಏನಾಗ್ತಿತ್ತೋ ಯಾರಿಗೂ ಗೊತ್ತಿಲ್ಲ” ಎಂದೆ.

ಅವರು ಲೋಟ ಕೆಳಗಿಟ್ಟರು. “ನಮ್ಮ ಪೈಲ್ವಾನರಿಗೆ ಇದು ಹನ್ನೊಂದನೇ ವಾರ ನೋಡ್ರಿ.”

ಎಲ್ಲರ ರಕ್ತ ಪರೀಕ್ಷೆ ಮಾಡಿಸದೆ ಹೊರಡಲಾರೆ, ಭಾನುವಾರ ನನ್ನ ದಾರಿ ಕಾಯಬೇಡ. ಇಲ್ಲಿಯ ಖಾರಕ್ಕೆ ಹೊಟ್ಟೆ ಕೆಟ್ಟಿದೆ. ಅಪ್ಪನಿಗೆ ಹೇಳುವಾಗ ಅದನ್ನೂ ಆರನೆಯ ಪುಟಕ್ಕೆ ತಳ್ಳು. ನಮ್ಮ ಮನೆಯಲ್ಲಿ ಹಾಗೆ ತಳ್ಳುವ ವಿದ್ಯೆ ನನಗೊಬ್ಬಳಿಗೇ ಬರಬೇಕೆ?

ಸುಮನ