ಲ್ಯೂಬೆಕ್‌ಗೆ ಹೊರಡುವ ಮುನ್ನ

ಆಬೆನ್ರೋ,
೨೧ ಮಾರ್ಚ್ ೧೯೯೩, ಭಾನುವಾರ

ಪ್ರೀತಿಯ ಎಸ್ಕಿಲ್,

ಹೇಗಿದ್ದೀಯ? ಬೆರಳು ಹೇಗಿದೆ? ಹಿಂದಿನ ಕಾಗದದಲ್ಲಿ ನೀನು ಎಡಗೈ ಬೆರಳುಗಳು ಹಿಮಕ್ಕೆ ಮರಗಟ್ಟಿದ್ದನ್ನು ಒಂದೇ ಸಾಲಿನಲ್ಲಿ ಬರೆದು, ಮುಂದಿನ ಸಾಲಿಗೇ ನಾಯಿಗಳ ಕಥೆಗೆ ಹಾರಿಬಿಟ್ಟಿದ್ದೆ. ನಾಯಿಗಳು ಸುಖವಾಗಿವೆ ಅಂತ ತಿಳಿಯಿತು, ಬೆರಳಿನ ಸಮಾಚಾರ ತಿಳಿಯಲಿಲ್ಲ. ಗ್ರೀನ್‌ಲ್ಯಾಂಡಿನ ಆ ತುದಿಯಲ್ಲಿ ಗಾಳಿ ಅಳೆಯುತ್ತಾ ಕೂತವನಿಗೆ ಕೈಗವಸು ಹಾಕಿಕೋ ಅಂತ ಇಲ್ಲಿಂದ ಹೇಳಬೇಕಾ? ಈ ಸಲ ಸರಿಯಾಗಿ ಬರೆ. ಇಲ್ಲಿ ನಿನ್ನ ಮಗ ಟ್ರೋಲ್ಸ್‌ನ ಕೆಮ್ಮು ಹೋಯಿತು. ನಿನ್ನಮ್ಮನ ಮಂಡಿ ಚಳಿ ಕಮ್ಮಿಯಾದ ಹಾಗೆ ಸಡಿಲವಾಗಿದೆ. ನಾಲಿಗೆಯಂತೂ ಚಳಿಗಾಲದಲ್ಲೂ ಸಡಿಲವಾಗಿಯೇ ಇತ್ತು. ಮಾರೈಕೆಗೆ ಮುಂದಿನ ಹಲ್ಲುಗಳು ಬಿದ್ದು, ಸಕಾರ ಬಂದಲ್ಲೆಲ್ಲ ಸೀಟಿ ಹೊಡೆಯುತ್ತಾಳೆ. ಮೊದಲೇ ಹೇಳಿಬಿಡುತ್ತೇನೆ: ನಾನು ಇದನ್ನು ಬರೆಯುತ್ತಿರುವಾಗ ಎಲ್ಲರೂ ಮನೆಯಲ್ಲೇ ಇದ್ದಾರೆ, ಯಾರಿಗೂ ಏನೂ ಆಗಿಲ್ಲ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದು.

ಈಸ್ಟರ್ ರಜೆಗೆ ಮಕ್ಕಳನ್ನು ಕರೆದುಕೊಂಡು ಲ್ಯೂಬೆಕ್‌ಗೆ ಹೋಗಬೇಕಾಗಿದೆ. ಹೋದ ತಿಂಗಳು ಪುರಸಭೆಯ ಮಕ್ಕಳ ವಿಭಾಗದವರು ಬಂದು ಕೂತು, ಕಾಫಿ ಕುಡಿದು, ಮೆಲ್ಲಗೆ ವಿಷಯ ತೆಗೆದರು. ಮಾರೈಕೆಯ ಹೆತ್ತಮ್ಮ ಸಿಲ್ಕೆಗೆ ಈಗ ಗುಣವಾಗಿದೆಯಂತೆ. ಲ್ಯೂಬೆಕ್‌ನಲ್ಲಿ ಅಕ್ಕನ ಮನೆ ಬಿಟ್ಟು ತನ್ನದೇ ಕೋಣೆ ಮಾಡಿಕೊಂಡಿದ್ದಾಳೆ, ಮಿಠಾಯಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆ, ಮಗಳನ್ನು ನೋಡಬೇಕು ಅನ್ನುತ್ತಿದ್ದಾಳೆ. ಬರೀ ಭೇಟಿ ಅಂದರೆ ಮಗು ಬೆದರುತ್ತದೆ, ಮನೆಮಂದಿಯೆಲ್ಲ ಪ್ರವಾಸ ಹೋದ ಹಾಗೆ ಹೋಗಿ, ನಡುವೆ ಒಂದು ಮಧ್ಯಾಹ್ನ ಅವಳ ಜೊತೆ ಕಳೆಯಿರಿ ಅಂದರು. ನಾನು ಆಗಲಿ ಅಂದೆ. ಬೇರೆ ಏನನ್ನುವುದು? ನಾಲ್ಕು ವರ್ಷದ ಹಿಂದೆ, ಇದೇ ಊರಲ್ಲಿದ್ದ ಸಿಲ್ಕೆ ಮನಸ್ಸಿನ ಕಾಯಿಲೆಯಿಂದ ಆಸ್ಪತ್ರೆ ಸೇರಿದಾಗ, ಅದೇ ಪುರಸಭೆಯವರು ಅವಳ ಮೂರು ವರ್ಷದ ಮಗುವನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದ್ದರಲ್ಲ, ಅವತ್ತೂ ಆಗಲಿ ಅಂದಿದ್ದೆ. ಸ್ವಲ್ಪ ಕಾಲ ಅಂದಿದ್ದರು. ಆ ಸ್ವಲ್ಪ ಕಾಲದಲ್ಲಿ ಮಗು ತನ್ನ ಜರ್ಮನ್ ಪೂರ್ತಿ ಮರೆತು, ನಮ್ಮನ್ನು ಅಪ್ಪ ಅಮ್ಮ ಅಂದು, ಟ್ರೋಲ್ಸ್‌ನ ಸೈಕಲ್ಲಿನ ಮೇಲೆ ಹಕ್ಕು ಸಾಧಿಸಿದಳು.

ಹೋದ ತಿಂಗಳು ಅವರು ಬಂದುಹೋದಾಗಿನಿಂದ ನನಗೆ ಒಂದಲ್ಲ ಒಂದು ಹೆದರಿಕೆ. ಪಾಡ್‌ಬೋರ್ಗ್ ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವವನು ಮಗುವಿನ ಹೆಸರು ಬೇರೆ, ನನ್ನ ಹೆಸರು ಬೇರೆ ಅಂತ ಕೆಳಗಿಳಿಸಿದರೆ? ಕೀಲ್‌ನಲ್ಲಿ ರೈಲು ಬದಲಾಯಿಸುವಾಗ ಒಂದು ಕೈಯಲ್ಲಿ ಟ್ರೋಲ್ಸ್, ಒಂದು ಕೈಯಲ್ಲಿ ಪೆಟ್ಟಿಗೆ, ಮಾರೈಕೆ ಜನರ ನಡುವೆ ಎಲ್ಲಾದರೂ ಜಾರಿಹೋದರೆ? ಇದೆಲ್ಲ ಮೇಲಿನ ಮೇಲಿನ ಹೆದರಿಕೆ ಅಂತ ನನಗೂ ಗೊತ್ತು. ಒಳಗಿನದು ಬೇರೆ. ಅವಳು ಸಿಲ್ಕೆಯನ್ನು ನೋಡಿದ ಕೂಡಲೇ ನನ್ನ ಕೈ ಬಿಟ್ಟು ಓಡಿದರೆ? ಒಮ್ಮೆ ಕನಸಿನಲ್ಲಿ ಓಡಿಯೂ ಬಿಟ್ಟಳು. ಎದ್ದು ಅವಳ ಮಂಚದ ಹತ್ತಿರ ಹೋಗಿ ನಿಂತೆ. ಹೊದಿಕೆ ಒದ್ದು, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದಳು ಮಹಾರಾಯಿತಿ.

ಮಕ್ಕಳಿಗೆ ಹೇಳಿದ ಮೇಲೆ ಅಡುಗೆಮನೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಯೋಜನೆ ಶುರುವಾಯಿತು. ಟ್ರೋಲ್ಸ್ ಆಗಲೇ ಹಡಗಿನ ಕ್ಯಾಪ್ಟನ್ ಥರ. ಹಳೇ ಹಡಗು ನೋಡಬೇಕು, ಚರ್ಚಿನ ಗೋಪುರ ಹತ್ತಬೇಕು, ಟ್ರಾವೆಮ್ಯೂಂಡೆಗೆ ಹೋಗಿ ಸ್ವೀಡನ್ನಿನ ದೊಡ್ಡ ಹಡಗು ಹೊರಡುವುದನ್ನು ನೋಡಬೇಕು. "ಮಾರೈಕೆ ಗೋಪುರ ಹತ್ತೋದು ಬೇಡ, ಮೂರನೇ ಮೆಟ್ಟಿಲಿಗೇ ಎತ್ತಿಕೋ ಅಂತಾಳೆ" ಅಂತ ಕಿಚಾಯಿಸಿದ. ಮಾಮೂಲಿಯಾಗಿದ್ದರೆ ಅವನ ಬೆನ್ನಿಗೆ ಒಂದು ಗುದ್ದು ಬೀಳಬೇಕಿತ್ತು. ಅವಳು ಸುಮ್ಮನೆ ನಕ್ಷೆಯ ಮೂಲೆ ಮಡಿಸುತ್ತಾ ಕೂತಳು. ಸಿಲ್ಕೆಯ ವಿಷಯವನ್ನೂ ನಾನು ಹೇಳಿದ್ದೆ, ಮುಚ್ಚಿಟ್ಟಿರಲಿಲ್ಲ. ಕೊನೆಗೆ ಕೇಳಿದಳು: "ನನ್ನ ಬಟ್ಟೆ ಎಲ್ಲಾ ಹಾಕ್ತೀಯಾ, ಸ್ವಲ್ಪಾನಾ?" ಸ್ವಲ್ಪ ಸಾಕು ಪುಟ್ಟಿ, ಮೂರು ದಿನಕ್ಕೆ ಎಷ್ಟು ಬೇಕು ಅಂದೆ. ಬೇಸಗೆಯ ಈಜುಡುಪನ್ನೂ ಹಾಕಬೇಡ ಅಂದಳು. ಈ ಚಳಿಯಲ್ಲಿ ಈಜುಡುಪು ಯಾಕೆ ಅಂತ ನಾನು ನಕ್ಕುಬಿಟ್ಟೆ ನೋಡು! ಅವಳು ಏನು ಕೇಳುತ್ತಿದ್ದಾಳೆ ಅಂತ ನನ್ನ ತಲೆಗೆ ಹೋಗಲೇ ಇಲ್ಲ.

ಬುಧವಾರ ಮಧ್ಯಾಹ್ನ ನಿನ್ನಮ್ಮ ರೈ ಬ್ರೆಡ್ಡು ತಂದುಕೊಡಲು ಬಂದರು. ನಾನು ಪ್ರವಾಸಕ್ಕೆ ಒಯ್ಯುವ ಮಕ್ಕಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಯಾಕೆ ಇಷ್ಟು ಬೇಗ ಅಂದರು, ಹೇಳಿದೆ. ಅವರಿಗೆ ಮೊದಲಿನಿಂದಲೂ ಈ ಪ್ರವಾಸ ಇಷ್ಟವಿಲ್ಲ. ಗಡಿಯ ಆಚೆ ಅಂದರೆ ಡಾಗ್ನಿ ಅತ್ತೆಗೆ ಹೇಗೆ ಅಂತ ನಿನಗೆ ಹೇಳಬೇಕಾಗಿಲ್ಲ. ಕೈಸರನ ಕಾಲದಲ್ಲಿ ಈ ಊರೇ ಜರ್ಮನಿಯಾಗಿದ್ದಾಗ ಬಲವಂತದ ಸಮವಸ್ತ್ರ ತೊಡಿಸಿ ಯುದ್ಧಕ್ಕೆ ಕರೆದೊಯ್ದ ಅವರ ಅಪ್ಪ ತಿರುಗಿ ಬರಲಿಲ್ಲ. ಶಾಲೆಯಲ್ಲಿ ಕಲಿತ ಜರ್ಮನ್ ಭಾಷೆಯನ್ನು ಆಮೇಲೆ ಬಾಯಿಗೇ ತಂದವರಲ್ಲ. ಊರವರೆಲ್ಲ ಗಡಿಯಾಚೆಯ ಫ್ಲೆನ್ಸ್‌ಬೋರ್ಗ್‌ಗೆ ಹೋಗಿ ಅಗ್ಗದ ಬಿಯರು, ಬೆಣ್ಣೆ ತಂದರೂ ಇವರು ಕಾಲಿಡಲಿಲ್ಲ. ಬ್ರೆಡ್ಡನ್ನು ಮೇಜಿನ ಮೇಲೆ ಕುಕ್ಕಿ, "ಹೋಗು ಹೋಗು, ಅವರ ಮಗೂನ ಅವರಿಗೆ ತೋರಿಸೋಕೆ ನೀನೇ ಹೊತ್ಕೊಂಡು ಹೋಗು. ಬರೋವಾಗ ಅವಳನ್ನ ಅಲ್ಲೇ ಬಿಟ್ಟು ಕೈ ಬೀಸ್ಕೊಂಡು ಬರ್ತೀಯ, ನೋಡ್ತಿರು. ನಾನಾಗಿದ್ರೆ ಈ ಮಗೂನ ಎಲ್ಲಿಗೂ ಕಳಿಸ್ತಿರಲಿಲ್ಲ" ಅಂದರು. "ಅತ್ತೆ, ಸ್ವಲ್ಪ ಮೆತ್ತಗೆ" ಅಂದೆ. ಮಕ್ಕಳು ಹೊರಗೆ ಆಡುತ್ತಿದ್ದಾರೆ ಅಂದುಕೊಂಡಿದ್ದೆವು. ಮೆಟ್ಟಿಲ ಮೇಲೆ ಶೂ ಬಿಚ್ಚುತ್ತಾ ಕೂತಿದ್ದ ಮಾರೈಕೆಯನ್ನು ಇಬ್ಬರೂ ನೋಡಲಿಲ್ಲ.

ಹಾಲು ಕುಡಿಯಲು ಕರೆದಾಗ ಟ್ರೋಲ್ಸ್ ಒಬ್ಬನೇ ಬಂದ. ಅವಳು ಮನೆಯೊಳಗೆ ಹೋದಳಲ್ಲ ಅಂದ. ಮೆಟ್ಟಿಲ ಮೇಲೆ ಒಂದು ಶೂ ಬಿದ್ದಿತ್ತು. ಒಂದೇ. ಮಹಡಿ, ನೆಲಮಾಳಿಗೆ, ಸೈಕಲ್ಲಿನ ಗೂಡು ಎಲ್ಲ ನೋಡಿದೆ. ಕರೆದೆ. ಮೊದಲು ಮಾಮೂಲಿ ದನಿಯಲ್ಲಿ, ಆಮೇಲೆ ನನ್ನದೇ ಅಲ್ಲದ ದನಿಯಲ್ಲಿ. ಟ್ರೋಲ್ಸ್‌ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದರಿನ ಕಡೆ ಓಡಿದೆ. ಆವತ್ತು ಕೊಲ್ಲಿಯ ಅಂಚಿನಲ್ಲಿ ಇನ್ನೂ ತೆಳ್ಳಗೆ ಮಂಜುಗಡ್ಡೆ ಇತ್ತು. ದೋಣಿಕಟ್ಟೆಯ ಕೆಳಗೆ ಗಡ್ಡೆ ಒಡೆದು ಒಂದು ಕಪ್ಪು ಕಿಂಡಿ ಕಾಣಿಸಿತು. ಅಲ್ಲಿ ಮಂಡಿಯೂರಿ ಒಳಗೆ ನೋಡಿದೆ. ಎಸ್ಕಿಲ್, ನೀರಿನಲ್ಲಿ ಏನೋ ಕೆಂಪಗೆ ಇತ್ತು. ಅವಳ ಕೋಟೂ ಕೆಂಪು. ಕೈ ಹಾಕಿ ಎಳೆದೆ. ದೋಣಿಗೆ ಕಟ್ಟುವ ತೇಲುಬುರುಡೆ. ಅದನ್ನು ಎದೆಗವಚಿಕೊಂಡು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಮೀನುಗಾರರೊಬ್ಬರು ಬಂದು ಎಬ್ಬಿಸಿ, ವಿಷಯ ಕೇಳಿಕೊಂಡು, "ಅಮ್ಮ, ಮನೆಗೆ ಹೋಗಿ, ನಾವು ಇಲ್ಲಿ ಹುಡುಕ್ತೀವಿ, ಪೊಲೀಸರಿಗೂ ಹೇಳ್ತೀವಿ" ಅಂದರು.

ಮನೆಯಲ್ಲಿ ನಿನ್ನಮ್ಮ ಟೆಲಿಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು, ಮುಖ ಸುಣ್ಣದ ಗೋಡೆಯ ಹಾಗೆ. ಯಾರಾದರೂ ಫೋನ್ ಮಾಡಿದರೆ ಎತ್ತಬೇಕಲ್ಲ ಅಂತ ಕದಲಿರಲಿಲ್ಲ. ನನ್ನನ್ನು ನೋಡಿ, "ಮೆಟ್ಟಿಲ ಮೇಲಿದ್ದಳು. ನನ್ನ ಮಾತು ಕೇಳಿಸ್ಕೊಂಡಳು. ಈ ಹಾಳು ಬಾಯಿ" ಅಂದರು. ಬಯ್ಯಬೇಕು ಅನ್ನಿಸಿತು, ಬಯ್ಯಲು ಉಸಿರಿರಲಿಲ್ಲ. ತಮ್ಮ ಗುಳಿಗೆ ಬೇಕು ಅಂದರು, ಅದು ಅವರ ಮನೆಯಲ್ಲಿ. ರಸ್ತೆ ದಾಟಿ ಅವರ ಬಾಗಿಲು ತಳ್ಳಿದೆ, ಎಂದಿನ ಹಾಗೆ ಚಿಲಕ ಹಾಕಿರಲಿಲ್ಲ. ಮಲಗುವ ಕೋಣೆಯಲ್ಲಿ ಡ್ರಾಯರು ತೆರೆಯುತ್ತಿದ್ದಾಗ ಗೊರಕೆ ಕೇಳಿಸಿತು. ಆ ಗೊರಕೆ! ಬಟ್ಟೆಯ ಬೀರು ತೆರೆದರೆ, ಅತ್ತೆಯ ಉಣ್ಣೆ ಕೋಟುಗಳ ಕೆಳಗೆ ಸುತ್ತಿಕೊಂಡು ಮಲಗಿದ್ದಳು, ಒಂದು ಕಾಲಲ್ಲಿ ಶೂ, ಇನ್ನೊಂದು ಕಾಲಲ್ಲಿ ಒದ್ದೆ ಕಾಲುಚೀಲ.

ಎತ್ತಿಕೊಂಡು ಅತ್ತೆಯ ಮಂಚದ ಮೇಲೇ ಕುಸಿದೆ. ಅವಳು ಕಣ್ಣುಜ್ಜಿಕೊಂಡು ಮೊದಲು ಹೇಳಿದ್ದೇನು ಗೊತ್ತಾ? "ಅಜ್ಜಿ ಎಲ್ಲಿ? ಅಜ್ಜಿ ನನ್ನ ಎಲ್ಲಿಗೂ ಕಳಿಸಲ್ಲ ಅಂದ್ರಲ್ಲ, ಅದಕ್ಕೇ ಇಲ್ಲಿಗೆ ಬಂದೆ. ನೀವೆಲ್ಲ ರೈಲು ಹತ್ತಿ ಹೋದ್ಮೇಲೆ ಹೊರಗೆ ಬರೋಣ ಅಂತಿದ್ದೆ." ರೈಲಿಗೆ ಇನ್ನೂ ವಾರಗಟ್ಟಲೆ ಇದೆಯಲ್ಲೇ ಹುಚ್ಚಿ ಅಂದೆ. "ಅಜ್ಜಿ ಬ್ರೆಡ್ ಕೊಡ್ತಾರೆ" ಅಂದಳು. ನಾನು ಅವಳು ನನ್ನನ್ನು ಬಿಟ್ಟು ಹೋಗುತ್ತಾಳೆ ಅಂತ ಹೆದರಿ ಸಾಯುತ್ತಿದ್ದೆ. ಅವಳು ನಾನೇ ಅವಳನ್ನು ಬಿಟ್ಟುಬರಲು ಕರೆದೊಯ್ಯುತ್ತಿದ್ದೇನೆ ಅಂತ ಹೆದರಿದ್ದಳು. ಈಜುಡುಪು ಇಲ್ಲೇ ಇದ್ದರೆ ಬೇಸಗೆಗೆ ವಾಪಸ್ಸು ಕರೆತರಲೇಬೇಕು ಅಂತ ಅವಳ ಲೆಕ್ಕಾಚಾರ. ನಿನ್ನಮ್ಮನ ಮುಂದೆ ತಂದು ನಿಲ್ಲಿಸಿದಾಗ ಅವರು ಆ ಒದ್ದೆ ಕಾಲುಚೀಲ ಬಿಚ್ಚಿ, ಪಾದವನ್ನು ತಮ್ಮ ಎರಡೂ ಅಂಗೈ ನಡುವೆ ಇಟ್ಟುಕೊಂಡು ಉಜ್ಜುತ್ತಾ ಕೂತರು.

ಮರುದಿನ ಬೆಳಿಗ್ಗೆ ನಾನು ಲ್ಯೂಬೆಕ್‌ಗೆ ಫೋನ್ ಮಾಡಿದೆ, ಬರುವುದಿಲ್ಲ ಅಂತ ಹೇಳುವುದಕ್ಕೇ. ಅತ್ತೆಯೂ ಪಕ್ಕದಲ್ಲೇ ಇದ್ದರು. ನಮ್ಮ ಟಿವಿಗೆ ಗಡಿಯಾಚೆಯಿಂದ ಬರುವುದನ್ನು ಕೇಳಿ ಕಲಿತ ನನ್ನ ಜರ್ಮನ್ ಆ ಹೊತ್ತಿಗೆ ಕೈಕೊಟ್ಟಿತು, ಸಿಲ್ಕೆಯ ಡ್ಯಾನಿಶ್ ಸವೆದುಹೋಗಿದೆ. ಮಗು ಹೆದರಿ ಅಡಗಿಕೊಂಡಿತ್ತು ಅಂತ ಹೇಗೋ ಹೇಳಿದೆ. ಆ ಕಡೆ ಅಳು ಶುರುವಾಯಿತು. ಎಸ್ಕಿಲ್, ಅವಳು ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. "ನನ್ನಿಂದ ಹೆದರಿದಳಾ? ನಾನು ಕಾಯಿಲೆಯಲ್ಲಿ ಕಿರುಚಾಡಿದ್ದು ಅವಳಿಗೆ ನೆನಪಿದೆಯಾ?" ಅಂತ ಮತ್ತೆ ಮತ್ತೆ ಕೇಳಿದಳು. ಆಗ ನಿನ್ನಮ್ಮ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡು, ಎದ್ದು ನಿಂತು, ಶಾಲೆಯ ಹುಡುಗಿ ಪಾಠ ಒಪ್ಪಿಸಿದ ಹಾಗೆ ಅಕ್ಷರ ಅಕ್ಷರ ಬಿಡಿಸಿ ಜರ್ಮನ್‌ನಲ್ಲಿ ಮಾತಾಡಿದರು! ನಾನು ಮದುವೆಯಾಗಿ ಬಂದಮೇಲೆ ಒಂದು ಶಬ್ದ ಕೇಳಿರಲಿಲ್ಲ. "ಅಳಬೇಡ ಮಗಳೇ. ನಾನು ಮನೆಯ ಅಜ್ಜಿ. ನಿನ್ನಿಂದ ಹೆದರಿದ್ದಲ್ಲ, ನನ್ನ ಬಾಯಿಂದ ಹೆದರಿದ್ದು. ಮಗು ಚೆನ್ನಾಗಿ ಉಣ್ಣುತ್ತಾಳೆ. ಹಲ್ಲು ಬಿದ್ದಿದೆ. ನಾನೇ ಕರೆದುಕೊಂಡು ಬರುತ್ತೇನೆ" ಅಂದರು. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಏನು ಹಾಗೆ ನೋಡ್ತೀಯ? ಇಸ್ತ್ರಿ ಹಾಕು" ಅಂದರು.

ಹಾಗಾಗಿ ಹೋಗುತ್ತಿದ್ದೇವೆ, ನಾಲ್ಕೂ ಜನ. ಅಜ್ಜಿ ಬರುತ್ತಾರೆ ಅಂದಮೇಲೆ ಮಾರೈಕೆ ಒಪ್ಪಿದ್ದಾಳೆ. ಅಲ್ಲಿನ ಬಂದರಿನ ಹತ್ತಿರದ ಸಣ್ಣ ಹೋಟೆಲಿನಲ್ಲಿ ಒಂದೇ ದೊಡ್ಡ ಕೋಣೆ ಹೇಳಿದ್ದೇನೆ, ಎಲ್ಲರೂ ಒಂದೇ ಕಡೆ ಮಲಗಲಿ ಅಂತ. ಕೀಲ್‌ನಲ್ಲಿ ಅವಸರದ ರೈಲು ಬಿಟ್ಟು ಅದರ ಮುಂದಿನದನ್ನು ಹಿಡಿಯುತ್ತೇವೆ, ಅತ್ತೆಯ ಮಂಡಿಗೂ ನನ್ನ ಎದೆಗೂ ಅದೇ ಒಳ್ಳೆಯದು. ಟ್ರೋಲ್ಸ್ ಗೋಪುರ ಹತ್ತುವಾಗ ನಾನು ಜೊತೆಗೆ ಹೋಗಬೇಕಂತೆ. ಹೆದರಿಕೆ ಹೋಯಿತಾ ಅಂತ ನೀನು ಕೇಳುತ್ತೀಯ. ಇಲ್ಲ. ಅಂಗಳದಲ್ಲಿ ಒಂದು ಗಳಿಗೆ ಅವಳ ಸದ್ದು ಕೇಳಿಸದಿದ್ದರೂ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತೇನೆ.

ನಿನ್ನಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಉಣ್ಣೆಯ ಕಾಲುಚೀಲವನ್ನೂ ಕಳಿಸಿದ್ದಾರೆ. ಮಕ್ಕಳಿಬ್ಬರೂ ಅಪ್ಪನಿಗೆ ಮುತ್ತು ಕೊಟ್ಟಿದ್ದಾರೆ. ನಿನ್ನ ಜೊತೆ ಇರುವವರಿಗೆಲ್ಲ ನನ್ನ ನಮಸ್ಕಾರ ಹೇಳು. ಮೈ ಬೆಚ್ಚಗಿಟ್ಟುಕೋ.

ನಿನ್ನವಳೇ ಆದ
ಲಿಸ್ಬೆತ್

ತಾ.ಕ.: ಕೋಟು ತೊಟ್ಟು ನಿಂತೇ ಬರೆಯುತ್ತಿದ್ದೇನೆ, ವಿಮಾನದ ಅಂಚೆಚೀಲಕ್ಕೆ ಇದು ಸಿಗಬೇಕು. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸಿಲ್ಕೆ ಮಗುವನ್ನು ವಾಪಸ್ಸು ಕೇಳುತ್ತಾಳಾ ಅಂತ ಪುರಸಭೆಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಮಧ್ಯಾಹ್ನ ತಟ್ಟೆ ಒರೆಸುತ್ತಾ ಮಾರೈಕೆ ಕೇಳಿದಳು: "ನಾವೆಲ್ಲ ಮನೆಗೆ ಬಂದ್ಬಿಟ್ರೆ ಸಿಲ್ಕೆ ಜೊತೆ ಯಾರಿರ್ತಾರೆ?" ಅವಳ ಅಕ್ಕ ಇದ್ದಾಳಲ್ಲ ಅಂದೆ. "ದೊಡ್ಡವರಲ್ಲ. ಮಕ್ಕಳು ಯಾರಿರ್ತಾರೆ?" ಅಂದಳು. ನಾನು ನಲ್ಲಿ ಜೋರಾಗಿ ಬಿಟ್ಟು ಕೇಳಿಸದವಳ ಹಾಗೆ ನಿಂತೆ. ಬೀರು ತೆರೆಯುವ ತನಕ ಇದ್ದ ಹೆದರಿಕೆ ಇದರ ಮುಂದೆ ಏನೂ ಅಲ್ಲ, ಎಸ್ಕಿಲ್. ಅವಳು ಮತ್ತೆ ಕೇಳುತ್ತಾಳೆ, ನನಗೆ ಗೊತ್ತು. ಆಗ ಸರಿಯಾದ ಉತ್ತರ ಕೊಡಲು ನನ್ನೊಬ್ಬಳಿಂದ ಆಗುವುದಿಲ್ಲ. ಈ ಕಾಗದ ತರುವ ವಿಮಾನ ಖಾಲಿ ಹಿಂತಿರುಗುವುದಾದರೆ ಅದರಲ್ಲಿ ಹತ್ತಿ ಬಾ.