ಅಲೆ ಕಿತ್ತ ಹಲ್ಲು

ಮಾರ್ಚ್ ೧೨, ಮಂಗಳವಾರ

ಬೆಳಗಿನಿಂದ ನಾಲಿಗೆ ಆ ಖಾಲಿ ಜಾಗವನ್ನೇ ತಡವುತ್ತಿದೆ. ಮುಂದಿನ ಕಟ್ಟಿಸಿದ ಹಲ್ಲು ಸಮುದ್ರದ ಪಾಲಾಯಿತು. 'ಈಜುವ ಮುಂಚೆ ಕಟ್ಟಿಸಿದ ಹಲ್ಲು ತೆಗೆದಿಡಿ' ಎಂದು ಕ್ಲಿನಿಕ್ಕಿನ ಗೋಡೆಗೆ ಬೋರ್ಡು ಹಾಕಿಸಿದ ದಂತವೈದ್ಯ ನಾನೇ. ದಡದಲ್ಲಿ ಪೇಷಂಟುಗಳು ವಾಕಿಂಗ್ ಬರುತ್ತಾರಲ್ಲ, ಬೊಚ್ಚು ಬಾಯಿ ತೋರಿಸಲು ನಾಚಿಕೆಯೆಂದು ನಾನು ಮಾತ್ರ ತೆಗೆದಿಟ್ಟಿರಲಿಲ್ಲ.

ತಪ್ಪು ಅಲೆಯದು. ನಸುಕಿನಲ್ಲಿ ಎದೆಮಟ್ಟದ ತಣ್ಣೀರಿನಲ್ಲಿ ನಿಂತು ಕಾಯುತ್ತಿದ್ದೆ. ಒಂದು ಅಲೆ ಹಿಂದಿನಿಂದ ಬಂದು ಹೊಟ್ಟೆಯಡಿ ಕೈಯಿಟ್ಟು ಎತ್ತಿಕೊಂಡಿತು. ತೋಳು ಮುಂದೆ ಚಾಚಿ ಮೈ ಬಿಟ್ಟೆ. ಈ ಡೊಳ್ಳುಹೊಟ್ಟೆಯನ್ನು ಹಸುಗೂಸಿನಂತೆ ದಡದವರೆಗೂ ಹೊತ್ತು ತಂದು ಮರಳಿನಲ್ಲಿ ಉರುಳಿಸಿತು. ಬಾಯ್ತುಂಬ ನಕ್ಕೆ. ಹಿಂದೆಯೇ ಬಂದ ಇನ್ನೊಂದು ಬಾಯಿಗೇ ನುಗ್ಗಿ ಹಲ್ಲು ಕಿತ್ತುಕೊಂಡು ಹೋಯಿತು. ಇಷ್ಟು ನಯವಾಗಿ ನಾನೂ ಯಾರ ಹಲ್ಲನ್ನೂ ಕಿತ್ತಿಲ್ಲ.

ದಿನವಿಡೀ ಮಾಸ್ಕು ಮಾನ ಕಾಪಾಡಿತು. ಊಟಕ್ಕೆ ಕೂತಾಗ ಹೆಂಡತಿಗೆ ಸಿಕ್ಕಿಬಿದ್ದೆ.

"ಹಲ್ಲೆಲ್ಲಿ?"

"ಸಮುದ್ರದಲ್ಲಿ ನಗೋವಾಗ ಬಿತ್ತು."

"ಮದುವೆ ಆದಾಗಿಂದ ನಾನೂ ತಮಾಷೆ ಮಾಡ್ತಾನೇ ಇದೀನಿ, ನೀವು ತುಟಿ ಬಿಚ್ಚಿ ನಕ್ಕವರಲ್ಲ. ಸಮುದ್ರ ಅಂಥದ್ದೇನು ಹೇಳ್ತು?"

ಆ ಅಲೆಯ ಸುಖ ಹೇಗೆ ಹೇಳಲಿ? ನಾಳೆ ನೀನೂ ಬಾ ಎಂದೆ. ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಬೇಡವೇನೋ ಅಂದುಕೊಂಡೆ.

ಈಗ ಮಲಗುವ ಮುಂಚೆ ಬಚ್ಚಲಿಗೆ ಹೋಗಿದ್ದೆ. ವರ್ಷಗಟ್ಟಲೆ ಬೇಡಿಕೊಂಡರೂ ರಾತ್ರಿ ಹಲ್ಲಿನ ಸೆಟ್ಟು ತೆಗೆದಿಡದವಳು ಇವಳು. ನನ್ನ ಹಲ್ಲಿನ ಬಟ್ಟಲಲ್ಲಿ ಅದೇ ಸೆಟ್ಟು, ನೀರಲ್ಲಿ ಮುಳುಗಿ ನಾಳೆಯ ಅಲೆಗೆ ಈಗಿನಿಂದಲೇ ನಗುತ್ತಿದೆ.