ಕೇಕ್ ಕೊಡಲು ಹೋದವನ ತಲೆ ಎಣಿಸಿದ ಲೆಕ್ಕ

ಮಾನ್ಯ ಪಕ್ಷದ ರಾಜ್ಯಾಧ್ಯಕ್ಷರೇ,

ನನ್ನ ಗಂಡ ಹಾರ್ಲನ್ ಗವರ್ನರ್ ಪ್ರೆಂಟಿಸ್ ಅವರ ಬೆಂಬಲಿಗನಲ್ಲ. ಅವರ ಮೂಲೆಗೆ ಅವನು ಹೋಗಿದ್ದು ಕೇಕಿನ ತಟ್ಟೆ ಕೊಡುವುದಕ್ಕೆ. ನಿಮ್ಮ ನಿಯಮ ಅವನನ್ನು ಅಲ್ಲೇ ಎಣಿಸಿತು, ತಿದ್ದಲು ಬಿಡಲಿಲ್ಲ, ಅದರಿಂದ ನಮ್ಮ ಗುಂಪೇ ಅಳಿಸಿಹೋಯಿತು. ಮರುದಿನ ತಾವು ಟಿ.ವಿ.ಯಲ್ಲಿ 'ಅಯೋವಾದ ಹಳ್ಳಿಗಳು ಸ್ಪಷ್ಟವಾಗಿ ಮಾತಾಡಿವೆ' ಎಂದು ಅಪ್ಪಣೆ ಕೊಡಿಸಿದಿರಿ. ಮಾತಾಡಿದ್ದು ನಿಜ. ನಮ್ಮ ನೆರೆಯ ಇರ್ಮಾ ಮಾತಾಡುತ್ತಿದ್ದಳು, ತನ್ನ ಸೊಂಟದ ಆಪರೇಷನ್ ಬಗ್ಗೆ.

ದೇಶದ ಅಧ್ಯಕ್ಷ ಪದವಿಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಬೇರೆ ರಾಜ್ಯದವರು ಗುಟ್ಟಾಗಿ ಮತ ಹಾಕಿ ಹೇಳುತ್ತಾರೆ. ನಾವು ಫೆಬ್ರವರಿಯ ಹಿಮ ತುಳಿದು ಶಾಲೆಯ ಬಾಸ್ಕೆಟ್‌ಬಾಲ್ ಅಂಗಣಕ್ಕೆ ಹೋಗಿ, ಮೆಚ್ಚಿದ ಅಭ್ಯರ್ಥಿಯ ಮೂಲೆಯಲ್ಲಿ ನಿಂತು, ನೆರೆಹೊರೆಯವರ ಕಣ್ಣೆದುರೇ ತಲೆ ಎಣಿಸಿಕೊಳ್ಳುತ್ತೇವೆ. ನೂರಕ್ಕೆ ಹದಿನೈದು ತಲೆ ಸೇರದ ಗುಂಪು ಚದುರಿ ಬೇರೆ ಮೂಲೆ ಹುಡುಕಿಕೊಳ್ಳಬೇಕು. ತಲೆ ಸೇರಿದ ಗುಂಪಿನವರು ಕದಲುವಂತಿಲ್ಲ. ಇದನ್ನು ಪ್ರಜಾಪ್ರಭುತ್ವದ ತೊಟ್ಟಿಲು ಎಂದು ತಾವು ಭಾಷಣಗಳಲ್ಲಿ ತೂಗಿದ್ದೀರಿ. ತೊಟ್ಟಿಲಿನ ಮಾತು ಬಂತಲ್ಲ, ನನ್ನದನ್ನೂ ಕೇಳಿ.

ನಮ್ಮ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡು ಕಳೆದ ಮೆಕ್ಕೆಜೋಳದ ಕೊಯ್ಲಿನ ಹೊತ್ತಿಗೆ ಮುಚ್ಚಿತು. ನಮ್ಮ ಮಗಳು ಕೆಂಡ್ರಾಗೆ ಇದೇ ತಿಂಗಳು ದಿನ ತುಂಬುತ್ತದೆ. ಇನ್ನೊಂದು ಆಸ್ಪತ್ರೆಗೆ ರಸ್ತೆ ಚೆನ್ನಾಗಿದ್ದರೇ ಒಂದು ಗಂಟೆಯ ಮೇಲಾಗುತ್ತದೆ. ಹಿಮ ಬಿದ್ದರೆ ದೇವರೇ ಗತಿ. ಅಷ್ಟೂ ಅಭ್ಯರ್ಥಿಗಳಲ್ಲಿ ಈ ವಿಷಯ ಎತ್ತಿದವರು ಸೆನೆಟರ್ ಎಲಿಂಗ್ಸನ್ ಒಬ್ಬರೇ. ಅವರು ಗೆದ್ದ ಮಾತ್ರಕ್ಕೆ ಕೆಂಡ್ರಾಳ ಹೆರಿಗೆಗೆ ವಾರ್ಡು ತೆರೆಯುತ್ತಿರಲಿಲ್ಲ, ಅಷ್ಟು ತಿಳಿಯದವಳಲ್ಲ ನಾನು. ಆದರೆ ಆ ಸೆನೆಟರಮ್ಮನ ಮಾತು ಇಲ್ಲೇ ಸಾಯದೆ ಮುಂದೆ ಮತ ಹಾಕುವ ರಾಜ್ಯದವರೆಗಾದರೂ ಹೋಗಲಿ ಎಂದು ಆಸೆಪಟ್ಟು ಹಾರ್ಲನ್ ಮತ್ತು ನಾನು ಅವರ ಮೂಲೆಯಲ್ಲಿ ನಿಂತಿದ್ದೆವು.

ಎಣಿಕೆಯ ಆ ಸಂಜೆ ಅಂಗಣದಲ್ಲಿ ಬೀಜದ ಅಂಗಡಿಯ ಡುವೇನ್ ನಮ್ಮನ್ನು ಒಲಿಸಲು ಬಂದ.

"ವರ್ನಾ, ನಿಮ್ಮ ಸೆನೆಟರಮ್ಮ ಒಳ್ಳೇವ್ರೇ ಕಣೆ. ಆದ್ರೆ ನವೆಂಬರ್‌ನ ದೊಡ್ಡ ಚುನಾವಣೇಲಿ ಗೆಲ್ಲೋರು ಬೇಕಲ್ಲ. ಪ್ರೆಂಟಿಸ್ ಗೆಲ್ತಾರೆ."

"ಯಾರಂದ್ರು?"

"ಎಲ್ರೂ ಅಂತಾರೆ."

"ಆ ಎಲ್ರಿಗೂ ಹೇಳ್ದೋನು ನೀನೇ ಇರ್ಬೇಕು. ಗೆದ್ದು ಏನ್ ಮಾಡ್ತಾರೆ, ಅದು ಹೇಳು."

"ಮೊದ್ಲು ಗೆಲ್ಲಲಿ ಮಾರಾಯ್ತಿ. ಆಮೇಲೆ ಕೇಳೋಣ."

"ನಿನ್ ಹೆಂಡ್ತಿ ಹೆರೋವಾಗ ಊರಲ್ಲೇ ವಾರ್ಡಿತ್ತು. ಅದಕ್ಕೇ ಆಮೇಲೆ ಅಂತೀಯ."

ಅವನು ಕಾಫಿ ಲೋಟ ಕೆಳಗಿಟ್ಟ. "ಅದೂ ಸರೀನೇ" ಅಂದ. ಆಮೇಲೆ ಹೋಗಿ ಪ್ರೆಂಟಿಸ್ ಮೂಲೆಯಲ್ಲೇ ನಿಂತ.

ಅಷ್ಟರಲ್ಲಿ ಹಾರ್ಲನ್ ನಾನು ಮಾಡಿದ್ದ ನಿಂಬೆ ಕೇಕನ್ನು ಎದುರು ಮೂಲೆಗೂ ಕೊಟ್ಟು ಬರುತ್ತೇನೆಂದು ಹೊರಟ. ವಿರೋಧಿಗಳಿಗೆ ತಿನ್ನಿಸದೆ ನಮ್ಮ ಕಡೆ ಯಾರೂ ರಾಜಕೀಯ ಮಾಡಿದ್ದಿಲ್ಲ. ಅಲ್ಲಿ ಇರ್ಮಾ ಅವನ ತೋಳು ಹಿಡಿದು ಸೊಂಟದ ಕಥೆ ತೆಗೆದಳು. ಎಣಿಕೆ ಶುರುವಾಯಿತು. ಬಾ ಎಂದು ನಾನು ಕೈ ಬೀಸಿದೆ. ಅವನೂ ನಗುತ್ತ ಕೈ ಬೀಸಿದ. ನಾನು ಕರೆದದ್ದು ತನಗೆ ಅರ್ಥವಾಗಿತ್ತು ಎಂದು ಆಮೇಲೆ ಒಪ್ಪಿಕೊಂಡ. ಆದರೆ ನೆರೆಯವಳ ಕಥೆಯನ್ನು ಅರ್ಧಕ್ಕೆ ಬಿಟ್ಟು ಬರುವುದು ನಮ್ಮವರಲ್ಲಿ ಕೆನ್ನೆಗೆ ಹೊಡೆದ ಹಾಗೆ. ಎಣಿಸುವವರು ಅವನನ್ನೂ ಸೇರಿಸಿಕೊಂಡು ಮುಂದೆ ಹೋದರು. ನಮ್ಮ ಗುಂಪಿಗೆ ಒಂದೇ ಒಂದು ತಲೆ ಕಡಿಮೆ ಬಿತ್ತು.

"ನಾನು ಆ ಕಡೆಯವ್ನಲ್ವಾ" ಎಂದ ಹಾರ್ಲನ್. ಸಭೆ ನಡೆಸುತ್ತಿದ್ದ ಗ್ಲೆನಿಸ್, ಚರ್ಚಿನಲ್ಲಿ ನನ್ನ ಪಕ್ಕ ಕೂರುವವಳು, ಅಳುವ ಮುಖ ಮಾಡಿದಳು. "ಗೊತ್ತು ಕಣೋ. ಇಲ್ಲಿರೋರಿಗೆಲ್ಲ ಗೊತ್ತು. ರಾಜ್ಯ ಕಚೇರಿಗೆ ಫೋನೂ ಮಾಡ್ದೆ. ಎಣಿಸಿದ್ದು ಎಣಿಸಿದ್ದೇ ಅಂತಾರೆ." ಅಧ್ಯಕ್ಷರೇ, ಊರಿಗೆಲ್ಲ ಗೊತ್ತಿರುವ ಸತ್ಯ ತಮ್ಮ ಲೆಕ್ಕಕ್ಕೆ ಮಾತ್ರ ಬೇಡವೇ? ಎದುರು ಪಾಳೆಯದ ಡುವೇನ್ ಕೂಡ "ಬಿಡ್ರಪ್ಪ ಅವನನ್ನ" ಎಂದ. ಯಾರ ಕೈಯಲ್ಲೂ ಏನೂ ಇರಲಿಲ್ಲ. ಚದುರಿದ ಮೇಲೆ ನಾನೆಲ್ಲಿಗೆ ಹೋಗಲಿ? ಗಂಡನ ಪಕ್ಕ ಹೋಗಿ ನಿಂತೆ. ಇರ್ಮಾ ನನ್ನದೇ ಕೇಕು ನನಗೆ ಕೊಟ್ಟಳು. ಹೀಗೆ ಪ್ರೆಂಟಿಸ್ ಅವರಿಗೆ ನಮ್ಮ ಮನೆಯಿಂದ ಎರಡು ತಲೆಯ 'ಭಾರಿ ಬೆಂಬಲ' ಸಿಕ್ಕಿತು. ಅದೇ ವಾರ ಎಲಿಂಗ್ಸನ್ ಕಣದಿಂದ ಸರಿದರು. ಅದು ನಮ್ಮಿಂದಲೇ ಎನ್ನಲಾರೆ. ಹೆರಿಗೆ ವಾರ್ಡಿನ ಮಾತು ಮಾತ್ರ ಆಮೇಲೆ ಯಾರ ಬಾಯಲ್ಲೂ ಬಂದಿಲ್ಲ.

ನನ್ನ ಬೇಡಿಕೆ ಇಷ್ಟೇ: ತಲೆ ಎಣಿಸುವ ಮುಂಚೆ, ನೀವು ಯಾರ ಕಡೆ ಎಂದು ಪ್ರತಿಯೊಬ್ಬರನ್ನೂ ಬಾಯಿಬಿಟ್ಟು ಕೇಳುವ ನಿಯಮ ಮಾಡಿ. ಈ ಸಲದ್ದನ್ನು ತಾವು ತಿದ್ದುವುದಿಲ್ಲ ಎಂದು ಗೊತ್ತು. ಬರೆಯದೆ ಇರಲು ಮನಸ್ಸು ತಡೆಯಲಿಲ್ಲ.

ಹಾರ್ಲನ್ ಕಾರಿನಲ್ಲಿ ಕಂಬಳಿ, ಹಿಮ ಎತ್ತುವ ಸಲಿಕೆ ಎಲ್ಲ ಇಟ್ಟಿದ್ದಾನೆ. ದಿನಾ ಆಕಾಶ ನೋಡುತ್ತಾನೆ. ಕೆಂಡ್ರಾಳನ್ನು ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಯಾರು ಕೈ ಬೀಸಿದರೂ ನಿಲ್ಲಿಸಕೂಡದೆಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ. ಅವನೇನೋ ಎಲ್ಲರಿಗಾಗಿಯೂ ಕಾಯುವ ಮನುಷ್ಯ. ಹುಟ್ಟುವ ಮಗು ಯಾರ ಮಾತು ಮುಗಿಯಲಿ ಎಂದೂ ಕಾಯುವುದಿಲ್ಲ.

ಇಂತಿ,
ತಮ್ಮ ಲೆಕ್ಕದಲ್ಲಿ ಗೆದ್ದವರ ಪೈಕಿ ಒಬ್ಬಳು,
ವರ್ನಾ ಸ್ಟೀನ್‌ಹಾಫ್